ಮಡಚುವ ಚಾಕುವಿನ ಲಾಕ್ ಕಚ್ಚಿಕೊಂಡರೆ: ಮೊದಲು ಕೊಳೆ, ಆಮೇಲೆ ಸ್ಕ್ರೂ, ಅರ ಮಾತ್ರ ಬೇಡ

ಕೆಲಸ ಮುಗಿಸಿ ಚಾಕು ಮಡಚಲು ಹೋದರೆ ಲಾಕ್ ಬಿಡುವುದಿಲ್ಲ. ಹೆಬ್ಬೆರಳು ಕೆಂಪಾಗುವವರೆಗೆ ಒತ್ತಬೇಕು. ಒತ್ತಿ ಒತ್ತಿ ಕೊನೆಗೆ ಟಕ್ಕನೆ ಬಿಟ್ಟಾಗ ಅಲಗು ಬೆರಳಿನ ಕಡೆಗೇ ಧಾವಿಸುತ್ತದೆ. ಈ ತೊಂದರೆಗೆ ಬಹುಪಾಲು ಸಲ ಜೇಬಿನ ನೂಲು, ಒಣಗಿದ ಹಣ್ಣಿನ ರಸ, ಗಟ್ಟಿಯಾದ ಹಳೆಯ ಎಣ್ಣೆಯೇ ಕಾರಣ. ಸೋಪು ನೀರಿನಲ್ಲಿ ಹೋಗುವಂಥದ್ದು. ಆದರೂ ಜನ ಮೊದಲು ಕೈ ಹಾಕುವುದು ಅರಕ್ಕೆ ಅಥವಾ ಮರಳು ಕಾಗದಕ್ಕೆ. ಅಲ್ಲಿಗೆ ಕಚ್ಚುತ್ತಿದ್ದ ಲಾಕ್ ಜಾರುವ ಲಾಕ್ ಆಗುತ್ತದೆ. ಕಚ್ಚುವ ಲಾಕಿನಿಂದ ಕಿರಿಕಿರಿ ಅಷ್ಟೇ. ಜಾರುವ ಲಾಕಾದರೆ ಕೆಲಸದ ನಡುವೆ ಅಲಗು ಮಡಚಿಕೊಂಡು ಬೆರಳಿನ ನರ ಕತ್ತರಿಸಬಹುದು. ಅದಕ್ಕೇ ಇಲ್ಲಿನ ಪರೀಕ್ಷೆಗಳನ್ನು ಖರ್ಚಿಲ್ಲದ ಸುಲಭದವುಗಳಿಂದ ಶುರುಮಾಡಿ ಕಷ್ಟದವುಗಳ ಕಡೆಗೆ ಜೋಡಿಸಿದ್ದೇನೆ. ಈ ಕ್ರಮ ಬಿಟ್ಟು ಮುಂದಕ್ಕೆ ಹಾರಬೇಡಿ.

ನಿಮ್ಮ ಕೈಯಲ್ಲಿರುವುದು ಯಾವ ಲಾಕ್?

ಚಾಕುವಿನ ಅಲಗು ತೆರೆದು ಹಿಡಿಯ ಸೀಳಿನೊಳಗೆ ಬೆಳಕು ಬಿಟ್ಟು ನೋಡಿ. ಒಳಗಿನ ತೆಳು ಲೋಹದ ಪಟ್ಟಿ ಪಕ್ಕಕ್ಕೆ ಬಾಗಿ ಬಂದು ಅಲಗಿನ ಬುಡಕ್ಕೆ ಆತುಕೊಂಡಿದ್ದರೆ ಅದು ಲೈನರ್ ಲಾಕ್. ಇದರ ಈಗಿನ ರೂಪ ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್ 1980ರ ದಶಕದಲ್ಲಿ ಕೊಟ್ಟದ್ದು. ಬೇರೆ ಪಟ್ಟಿಯೇ ಇಲ್ಲದೆ ಹಿಡಿಯ ಒಂದು ಪಕ್ಕವನ್ನೇ ಸೀಳಿ ಸ್ಪ್ರಿಂಗಿನಂತೆ ಬಾಗಿಸಿದ್ದರೆ ಫ್ರೇಮ್ ಲಾಕ್, ಅದು ಕ್ರಿಸ್ ರೀವ್ ಅವರದು. ಹಿಡಿಯ ಬೆನ್ನಿನ ಮೇಲೆ ಒತ್ತುವ ಜಾಗವಿದ್ದರೆ ಬ್ಯಾಕ್ ಲಾಕ್. 1960ರ ದಶಕದ ಬಕ್ 110 ಚಾಕು ಇದನ್ನು ಮನೆಮಾತಾಗಿಸಿತು. ಮರದ ಹಿಡಿಯ ಕತ್ತಿನಲ್ಲಿ ತಿರುಗುವ ಉಕ್ಕಿನ ಬಳೆ ಇದ್ದರೆ ಫ್ರಾನ್ಸಿನ ಒಪಿನೆಲ್ ಅಥವಾ ಅದನ್ನು ಅನುಸರಿಸಿದ ಚಾಕು. ಹಿಡಿಯ ಎರಡೂ ಬದಿಯಲ್ಲಿ ಸಣ್ಣ ಗುಂಡಿಗಳಿದ್ದು, ಅವನ್ನು ಹಿಂದಕ್ಕೆ ಎಳೆದಾಗ ಅಲಗು ಬಿಟ್ಟರೆ ಅಡ್ಡಕಂಬಿಯ ಲಾಕ್. ಬೆಂಚ್‌ಮೇಡ್ ಕಂಪನಿ 1998ರಲ್ಲಿ ತಂದ ಆಕ್ಸಿಸ್ ಲಾಕ್ ಈ ಬಗೆಯದು.

91 ಮಿಲಿಮೀಟರಿನ ಸಾಮಾನ್ಯ ಸ್ವಿಸ್ ಚಾಕುವಿನ ದೊಡ್ಡ ಅಲಗಿಗೆ ಲಾಕ್ ಇರುವುದೇ ಇಲ್ಲ, ಬೆನ್ನಿನ ಸ್ಪ್ರಿಂಗ್ ಮಾತ್ರ. ಅದು ಬಿಗಿಯಾಗಿದೆ ಎಂದರೆ ತೊಳೆದು ಒಂದು ಹನಿ ಎಣ್ಣೆ ಬಿಟ್ಟರೆ ಸಾಕು.

ಕೈ ಹಾಕುವ ಮೊದಲು

ಅಲಗಿನ ಹರಿತದ ಅಂಚಿಗೆ ಪೇಪರ್ ಟೇಪನ್ನು ಎರಡು ಸುತ್ತು ಹಾಕಿ. ಮುಂದೆ ಹೇಳುವ ಕೆಲಸಗಳಲ್ಲಿ ತೊಳೆಯುವುದನ್ನು ಬಿಟ್ಟು ಉಳಿದದ್ದೆಲ್ಲ ಈ ಟೇಪಿನ ಮೇಲೆಯೇ ಆಗಬೇಕು. ಚಾಕು ಹಿಡಿದಾಗ ಅಲಗು ಮಡಚಿಕೊಳ್ಳುವ ದಾರಿಯಲ್ಲಿ ಯಾವ ಬೆರಳೂ ಇರಬಾರದು. ಹಿಡಿಯನ್ನು ಎರಡು ಪಕ್ಕಗಳಿಂದ ಚಿಮಟದ ಹಾಗೆ ಹಿಡಿಯಿರಿ, ಮುಷ್ಟಿ ಕಟ್ಟಬೇಡಿ. ಕಚ್ಚಿಕೊಂಡ ಲಾಕನ್ನು ಬಿಡಿಸುವಾಗ ಒಂದು ಕೈ ಲಾಕಿನ ಮೇಲೆ, ಇನ್ನೊಂದು ಕೈ ಅಲಗಿನ ಬೆನ್ನಿನ ಮೇಲೆ ಇರಲಿ. ಹಾಗಿದ್ದರೆ ಲಾಕ್ ಬಿಟ್ಟ ಕ್ಷಣ ಅಲಗನ್ನು ತಡೆಯಬಹುದು. ಹಿಡಿ ಬಿಚ್ಚುವ ಹಂತಕ್ಕೆ ಬಂದರೆ ಕನ್ನಡಕ ಹಾಕಿಕೊಳ್ಳಿ, ಒಳಗಿನ ಸಣ್ಣ ಸ್ಪ್ರಿಂಗುಗಳು ಕಣ್ಣಿಗೆ ಚಿಮ್ಮುತ್ತವೆ. ಮಕ್ಕಳು ಓಡಾಡುವ ಜಾಗದಲ್ಲಿ ಈ ಕೆಲಸ ಬೇಡ.

ಲಾಕ್ ಬಿಡುತ್ತದೆ, ಆದರೆ ಮಂದ. ಒಳಗೆ ಮರಳು ಉಜ್ಜಿದ ಹಾಗೆ

ಅಲಗು ತಿರುಗುವಾಗ ಕರಕರ ಎನ್ನುತ್ತದೆಯೇ? ಲಾಕ್ ಒಂದು ದಿನ ಸರಾಗ, ಇನ್ನೊಂದು ದಿನ ಬಿಗಿಯೇ? ಹಾಗಾದರೆ ಕೊಳೆ ಎಂದೇ ತಿಳಿದು ಶುರುಮಾಡಿ. ದೋಷ ಲೋಹದ ಆಕಾರದಲ್ಲಿದ್ದರೆ ಅದು ದಿನದಿನಕ್ಕೆ ಬದಲಾಗುವುದಿಲ್ಲ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಹಾಕಿ ಚಾಕುವನ್ನು ಅಲಗು ತೆರೆದು ಅದ್ದಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಲಗು ತಿರುಗುವ ಕೀಲಿನ ಸುತ್ತ, ಲಾಕ್ ಪಟ್ಟಿಯ ಹಿಂದೆ, ಹಿಡಿಯ ಸೀಳಿನ ತಳದಲ್ಲಿ ಉಜ್ಜಿ. ನೀರಿನಲ್ಲೇ ನಿಧಾನವಾಗಿ ತೆರೆದು ಮುಚ್ಚಿ, ಕಪ್ಪು ನೀರು ಬರುವುದು ನಿಲ್ಲುವವರೆಗೂ. ಬ್ರಷ್ ಹೋಗದ ಮೂಲೆಗೆ ಹಲ್ಲುಕಡ್ಡಿ. ಸೂಜಿ ಬೇಡ, ಗೀರು ಬೀಳುತ್ತದೆ. ಮರದ ಹಿಡಿಯ ಚಾಕುವನ್ನು ಮಾತ್ರ ನೀರಲ್ಲಿ ಮುಳುಗಿಸಬೇಡಿ, ಒದ್ದೆ ಬ್ರಷ್ ಸಾಕು.

ಹಲಸಿನ ಕಾಯಿ ಬಿಡಿಸಿದ ಚಾಕುವಾದರೆ ಸೋಪಿಗೆ ಬಗ್ಗುವುದಿಲ್ಲ. ಆ ಸೊನೆ ಕೀಲಿನೊಳಗೆ ರಬ್ಬರಿನಂತೆ ಕೂತಿರುತ್ತದೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಸೊನೆ ಮೆತ್ತಗಾದ ಮೇಲೆ ಬಟ್ಟೆಯಿಂದ ಎಳೆದು ತೆಗೆಯಿರಿ, ಆಮೇಲೆ ಸೋಪು. ಕೊಬ್ಬರಿ ಎಣ್ಣೆ ಒಂದಿಷ್ಟೂ ಉಳಿಯದಂತೆ ತೊಳೆಯುವುದು ಮುಖ್ಯ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗಾಗುವ ಎಣ್ಣೆ ಚಾಕುವಿನ ಕೀಲಿನಲ್ಲೂ ಬೆಳ್ಳಗಾಗುತ್ತದೆ. ಚಳಿಗಾಲದಲ್ಲಿ ಮಾತ್ರ ಲಾಕ್ ಹಿಡಿದುಕೊಳ್ಳುತ್ತದೆ ಎನ್ನುವವರು ಮೊದಲು ನೆನಪಿಸಿಕೊಳ್ಳಬೇಕಾದದ್ದು ತಾವು ಯಾವ ಎಣ್ಣೆ ಬಿಟ್ಟಿದ್ದೆವು ಎಂಬುದನ್ನು. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳು ಹೆಪ್ಪುಗಟ್ಟದಿದ್ದರೂ ಗಾಳಿ ತಾಗಿ ತಾಗಿ ಅಂಟಾಗುತ್ತವೆ. ಅಡುಗೆಮನೆಯ ಯಾವ ಎಣ್ಣೆಯೂ ಕೀಲಿಗೆ ಹೊಂದುವುದಿಲ್ಲ.

ತೊಳೆದ ಮೇಲೆ ಒಣಗಿಸುವುದರಲ್ಲಿ ಅವಸರ ಬೇಡ. ಬಟ್ಟೆಯಿಂದ ಒರೆಸಿ ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ, ಇಲ್ಲವೆ ಅಲಗು ತೆರೆದು ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಡಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಕೆಲವು ಹನಿ ಕೀಲಿಗೆ ಬಿಟ್ಟರೆ ಉಳಿದ ನೀರನ್ನೂ ಜಿಡ್ಡನ್ನೂ ಎಳೆದುಕೊಂಡು ಹಾರಿಹೋಗುತ್ತದೆ. ಸ್ಪಿರಿಟ್ ಬಳಸುವಾಗ ಹತ್ತಿರ ದೀಪ, ಒಲೆ ಇರಕೂಡದು, ಡ್ರೈಯರನ್ನೂ ಅದು ಪೂರ್ತಿ ಆರುವ ತನಕ ಹಚ್ಚಬೇಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಒಳಗೇ ಉಳಿದು ಜಿಗುಟಾಗುತ್ತದೆ.

ಆಮೇಲೆ ಕೀಲಿನ ಎರಡೂ ಪಕ್ಕ ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ. ಹಣ್ಣು ಹೆಚ್ಚುವ ಚಾಕುವಾದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಿಡಿ. ತೆರೆದು ಮುಚ್ಚಿ ಹೊರಗೆ ಬಂದ ಎಣ್ಣೆಯನ್ನು ಒರೆಸಿಬಿಡಿ. ಹೆಚ್ಚು ಎಣ್ಣೆ ಎಂದರೆ ಜೇಬಿನ ನೂಲಿಗೆ ಆಹ್ವಾನ. ಡಬ್ಲ್ಯೂಡಿ-40 ತುಕ್ಕು, ಕೊಳೆ ಬಿಡಿಸಲು ಒಳ್ಳೆಯದು, ಆದರೆ ಬೇಗ ಆರಿಹೋಗುವುದರಿಂದ ಅದನ್ನೇ ಎಣ್ಣೆಯಾಗಿ ನೆಚ್ಚಬೇಡಿ. ಇನ್ನೊಂದು ಮಾತು: ಲಾಕ್ ಪಟ್ಟಿಯ ತುದಿ ಅಲಗಿನ ಬುಡಕ್ಕೆ ಮುಟ್ಟುವ ಜಾಗಕ್ಕೆ ಎಣ್ಣೆ ಬೀಳಬಾರದು. ಅಲ್ಲಿ ಲಾಕನ್ನು ಹಿಡಿದು ನಿಲ್ಲಿಸುವುದೇ ಘರ್ಷಣೆ.

ಚಾಕು ಶುಚಿಯಾಗಿದೆ, ಅಲಗು ಸರಾಗ, ಆದರೂ ಲಾಕ್ ಕಿತ್ತುಕೊಂಡ ಹಾಗೆ ಟಕ್ಕನೆ ಬಿಡುತ್ತದೆ

ಇದು ಲೈನರ್ ಲಾಕ್, ಫ್ರೇಮ್ ಲಾಕುಗಳ ರೋಗ. ಹೊಸ ಚಾಕುವಿನಲ್ಲಿ, ಅದರಲ್ಲೂ ಪಟ್ಟಿ ಟೈಟೇನಿಯಮ್ಮಿನದಾಗಿದ್ದರೆ, ಹೆಚ್ಚು.

ಮೊದಲು ಒಂದು ಸರಳ ಪರೀಕ್ಷೆ. ಅಲಗನ್ನು ನಿಧಾನವಾಗಿ, ಕೈಯಿಂದ ತಳ್ಳಿ ತೆರೆಯಿರಿ. ಆಗ ಲಾಕ್ ಸುಲಭವಾಗಿ ಬಿಟ್ಟು, ಮಣಿಕಟ್ಟು ಝಾಡಿಸಿ ತೆರೆದಾಗ ಮಾತ್ರ ಕಚ್ಚಿದರೆ, ನೀವು ಪಟ್ಟಿಯನ್ನು ಬೆಣೆ ಬಡಿದಂತೆ ಒಳಗೆ ನುಗ್ಗಿಸುತ್ತಿದ್ದೀರಿ ಎಂದರ್ಥ. ಚಾಕುವಿನಲ್ಲಿ ದೋಷವಿಲ್ಲ, ತೆರೆಯುವ ರೀತಿ ಬದಲಾದರೆ ಸಾಕು. ಇನ್ನೊಂದು: ಲಾಕ್ ಒತ್ತುವಾಗ ಅಲಗಿನ ಬುಡವನ್ನು ತೆರೆಯುವ ದಿಕ್ಕಿಗೇ ಕೊಂಚ ಒತ್ತಿ ಹಿಡಿಯಿರಿ. ಎಷ್ಟೋ ಜನ ಗೊತ್ತಿಲ್ಲದೆ ಲಾಕ್ ಬಿಡಿಸುವ ಮೊದಲೇ ಅಲಗನ್ನು ಮುಚ್ಚುವ ಕಡೆಗೆ ತಳ್ಳುತ್ತಿರುತ್ತಾರೆ. ಆ ಭಾರವೆಲ್ಲ ಪಟ್ಟಿಯ ತುದಿಗೆ ಬಿದ್ದು ಅದು ಅಲುಗದೆ ನಿಲ್ಲುತ್ತದೆ.

ಎರಡೂ ಮಾಡಿದರೂ ಕಚ್ಚುತ್ತದೆಯೇ? ಭೂತಗನ್ನಡಿ ತನ್ನಿ. ಅಲಗಿನ ಬುಡದಲ್ಲಿ ಪಟ್ಟಿ ಮುಟ್ಟುವ ಇಳಿಜಾರು ಮುಖ ಕಾಣುತ್ತದೆ. ಅದರ ಮೇಲೆ ಬೂದುಬೆಳ್ಳಗೆ, ಯಾರೋ ಉಗುರಿನಿಂದ ಬಳಿದ ಹಾಗೆ, ಲೋಹದ ತೆಳು ಗೀರುಗಳು ಕಂಡರೆ ಅದು ಟೈಟೇನಿಯಂ. ಮೆತ್ತನೆಯ ಟೈಟೇನಿಯಂ ಗಟ್ಟಿ ಉಕ್ಕಿಗೆ ಉಜ್ಜಿದಾಗ ಕಿತ್ತು ಅಂಟಿಕೊಳ್ಳುತ್ತದೆ, ಅಂಟಿದ ಟೈಟೇನಿಯಮ್ಮಿಗೆ ಪಟ್ಟಿಯ ಟೈಟೇನಿಯಂ ಮತ್ತಷ್ಟು ಹಿಡಿದುಕೊಳ್ಳುತ್ತದೆ. ನೀವು ಕೇಳುವ 'ಟಕ್' ಶಬ್ದ ಆ ಹಿಡಿತ ಕಿತ್ತುಬರುವ ಶಬ್ದ. ಪಟ್ಟಿಯ ತುದಿಗೆ ಉಕ್ಕಿನ ತುಣುಕು ಕೂರಿಸಿದ ಚಾಕುಗಳು ಬರುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಮದ್ದು ಪೆನ್ಸಿಲ್. ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಇಳಿಜಾರು ಮುಖ, ಪಟ್ಟಿಯ ತುದಿ ಎರಡನ್ನೂ ಒರೆಸಿ. ಒಣಗಿದ ಮೇಲೆ 4ಬಿ, 6ಬಿ ತರಹದ ಮೆತ್ತನೆಯ ಪೆನ್ಸಿಲ್ಲಿನಿಂದ ಇಳಿಜಾರು ಮುಖದ ಮೇಲೆ ಕಪ್ಪಾಗುವಷ್ಟು ಬಳಿಯಿರಿ. ಗ್ರಾಫೈಟಿನ ತೆಳು ಪದರ ಎರಡು ಲೋಹಗಳ ನಡುವೆ ಕೂತು ಕಿತ್ತುಕೊಳ್ಳುವುದನ್ನು ತಪ್ಪಿಸುತ್ತದೆ. ಅದು ಸವೆದು ಹೋಗುವಂಥದ್ದೇ, ಮತ್ತೆ ಬಳಿಯಬೇಕಾಗುತ್ತದೆ. ನಡುವಿನ ಸಮಯದಲ್ಲಿ ಎರಡು ಮುಖಗಳೂ ಒಂದಕ್ಕೊಂದು ಹೊಂದಿಕೊಂಡು ಎಷ್ಟೋ ಹೊಸ ಚಾಕುಗಳಲ್ಲಿ ತೊಂದರೆ ತಾನಾಗಿ ಹೋಗುತ್ತದೆ. ಹೊಸ ಚಾಕುವಿನ ಲಾಕ್ ಸ್ವಲ್ಪ ಕಚ್ಚಿದರೆ ಕೆಲವು ವಾರ ಬಳಸಿ ನೋಡುವ ತಾಳ್ಮೆ ಇರಲಿ.

ಪಟ್ಟಿ ಎಲ್ಲಿ ಮುಟ್ಟುತ್ತಿದೆ ಎಂದು ತಿಳಿಯಬೇಕಾದರೆ ಪೆನ್ಸಿಲ್ ಬದಲು ಪರ್ಮನೆಂಟ್ ಮಾರ್ಕರ್ ಬಳಿದು, ಶಾಯಿ ಆರಿದ ಮೇಲೆ ಹತ್ತಾರು ಸಲ ತೆರೆದು ಮುಚ್ಚಿ. ಶಾಯಿ ಎಲ್ಲಿ ಅಳಿಸಿದೆಯೋ ಅಲ್ಲೇ ಸ್ಪರ್ಶ. ಕೀಲಿನಿಂದ ದೂರದ ಅಂಚಿನ ಕಡೆ ಅಳಿಸಿದ್ದರೆ ಒಳ್ಳೆಯ ಲಕ್ಷಣ. ಕೀಲಿನ ಪಕ್ಕದಲ್ಲಷ್ಟೇ ಅಳಿಸಿದ್ದರೆ ಆ ಲಾಕ್ ತಯಾರಿಕೆಯಲ್ಲೇ ಸರಿಯಾಗಿ ಕೂತಿಲ್ಲ. ಮನೆಯಲ್ಲಿ ಸರಿಪಡಿಸಲು ಹೋಗದೆ ತಯಾರಕರಿಗೆ ಹಿಂತಿರುಗಿಸಿ.

ಅರ ಯಾಕೆ ಬೇಡ ಎಂಬುದಕ್ಕೆ ಒಂದು ಲೆಕ್ಕ. ಆ ಮುಖದ ಇಳಿಜಾರು ಸಾಮಾನ್ಯವಾಗಿ 8 ಡಿಗ್ರಿಯ ಆಸುಪಾಸು. ಇಷ್ಟು ಕಡಿಮೆ ಇಳಿಜಾರಿನಲ್ಲಿ ನೀವು ಬರೀ 0.1 ಮಿಲಿಮೀಟರ್ ಲೋಹ ಉಜ್ಜಿದರೆ ಪಟ್ಟಿ ಪಕ್ಕಕ್ಕೆ ಸುಮಾರು 0.7 ಮಿಲಿಮೀಟರ್ ಹೆಚ್ಚು ಸರಿಯುತ್ತದೆ. ಲೈನರ್ ಪಟ್ಟಿಯ ದಪ್ಪವೇ ಹೆಚ್ಚಿನ ಚಾಕುಗಳಲ್ಲಿ ಒಂದರಿಂದ ಒಂದೂವರೆ ಮಿಲಿಮೀಟರ್. ಕೊಂಚ ಹೆಚ್ಚು ಅರ ಆಡಿಸಿದರೆ ಪಟ್ಟಿ ಎದುರು ಗೋಡೆಗೆ ಹೋಗಿ ತಾಗುತ್ತದೆ, ಅಲಗು ಮೇಲೆ ಕೆಳಗೆ ಅಲ್ಲಾಡತೊಡಗುತ್ತದೆ. ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಇಳಿಜಾರಿನ ಕೋನವೂ ಕೈತಪ್ಪಿ ಕಡಿದಾದರೆ ಒತ್ತಡ ಬಿದ್ದಾಗ ಪಟ್ಟಿ ಜಾರಿ ಹೊರಬರುತ್ತದೆ.

ಕೀಲು ಬಿಗಿ ಮಾಡಿದ ಮೇಲೆ ಶುರುವಾಯಿತು

ಸ್ಕ್ರೂ ಮುಟ್ಟಿದ ಮೇಲೆಯೇ ತೊಂದರೆ ಬಂದಿದ್ದರೆ ಉತ್ತರ ಅಲ್ಲೇ ಇದೆ. ಕೀಲಿನ ಸ್ಕ್ರೂ ಅತಿ ಬಿಗಿಯಾದರೆ ಅಲಗು ಪೂರ್ತಿ ತೆರೆಯುವ ಮೊದಲೇ ಬಿಗಿಯಾಗುತ್ತದೆ, ಪಟ್ಟಿ ಅರ್ಧ ಮಾತ್ರ ಒಳಬರುತ್ತದೆ. ಸಡಿಲವಾದರೂ ತೊಂದರೆಯೇ: ಅಲಗು ಪಕ್ಕಕ್ಕೆ ವಾಲಿ ಪಟ್ಟಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ತೆರೆದ ಅಲಗಿನ ತುದಿಯನ್ನು, ಟೇಪ್ ಸುತ್ತಿರುವಾಗಲೇ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಸ್ಕ್ರೂವಿನ ತಲೆಯಲ್ಲಿ ಆರು ಮೂಲೆಯ ನಕ್ಷತ್ರವಿದ್ದರೆ ಟಾರ್ಕ್ಸ್ ಬಿಟ್ ಬೇಕು. ಹಿಡಿಯ ಸ್ಕ್ರೂಗಳಿಗೆ ಹೆಚ್ಚಾಗಿ ಟಿ6, ಟಿ8, ಕೀಲಿಗೆ ಟಿ8, ಟಿ10. ಮೊಬೈಲ್ ರಿಪೇರಿ ಸೆಟ್ಟಿನ ಅಗ್ಗದ ಬಿಟ್ಟುಗಳು ಮೆದು, ಸ್ಕ್ರೂ ತಲೆಯನ್ನು ಗುಂಡಗೆ ಮಾಡಿಬಿಡುತ್ತವೆ. ಒಂದು ಸಲಕ್ಕೆ ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟೇ ತಿರುಗಿಸಿ, ಪರೀಕ್ಷಿಸಿ, ಮತ್ತೆ ಅಷ್ಟೇ. ಸ್ಕ್ರೂ ಅಲುಗದಿದ್ದರೆ ಒಳಗೆ ಸ್ಕ್ರೂ ಸಡಿಲವಾಗದಂತೆ ಹಚ್ಚುವ ನೀಲಿ ಥ್ರೆಡ್‌ಲಾಕರ್ ಅಂಟು ಇದೆ ಎಂದು ತಿಳಿಯಿರಿ. ಸಾಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ತಾಗಿಸಿದರೆ ಅಂಟು ಮೆತ್ತಗಾಗುತ್ತದೆ. ಹಿಡಿ ಪ್ಲಾಸ್ಟಿಕ್ಕಿನದಾದರೆ ಈ ಉಪಾಯ ಬಿಡಿ, ಹಿಡಿ ಕರಗುತ್ತದೆ. ಮರಳಿ ಜೋಡಿಸುವಾಗ ಅದೇ ಅಂಟನ್ನು ಧಾರಾಳವಾಗಿ ಹಾಕಿದರೆ ಅದು ವಾಷರಿನ ಮೇಲೆ ಹರಿದು ಅಲಗನ್ನೇ ಹಿಡಿದುಕೊಳ್ಳುತ್ತದೆ. ಸ್ಕ್ರೂವಿನ ಎಳೆಗಳ ಮೇಲೆ ಸಾಸಿವೆ ಕಾಳಿನಷ್ಟು ಸಾಕು.

ಬ್ಯಾಕ್ ಲಾಕ್ ಒಳಗಿಳಿಯುವುದಿಲ್ಲ, ಅಥವಾ ಅಲಗು ತೆರೆದರೂ ಟಿಕ್ ಎನ್ನುವುದಿಲ್ಲ

ಇವೆರಡನ್ನೂ ಬೇರೆ ಬೇರೆ ಎಂದು ನೋಡಬೇಕು. ಒತ್ತುವ ಜಾಗ ಗಟ್ಟಿಯಾಗಿದೆ, ಆದರೆ ಒಮ್ಮೆ ಒತ್ತಿದ ಮೇಲೆ ಅಲಗು ಸುಲಭವಾಗಿ ಮಡಚುತ್ತದೆ ಎಂದರೆ ಬೆನ್ನಿನ ಸ್ಪ್ರಿಂಗ್ ಹಾಗೇ ಬಿಗಿ ಇರಬಹುದು, ಇಲ್ಲವೆ ಒತ್ತುವ ಪಟ್ಟಿಯ ಕೀಲಿನಲ್ಲಿ ತುಕ್ಕು ಸೇರಿರಬಹುದು. ತೊಳೆದು ಎಣ್ಣೆ ಬಿಟ್ಟು ಬಳಸುತ್ತಾ ಹೋಗಿ.

ಅಲಗು ತೆರೆದಾಗ ಟಿಕ್ ಶಬ್ದವೇ ಬರದಿದ್ದರೆ, ಅಥವಾ ಬೆನ್ನಿನ ಪಟ್ಟಿ ಹಿಡಿಯ ಮಟ್ಟಕ್ಕಿಂತ ಕೊಂಚ ಎದ್ದು ನಿಂತಿದ್ದರೆ, ಅಲಗಿನ ಬುಡದ ಕಚ್ಚಿನಲ್ಲಿ ಕಸ ತುಂಬಿ ಬೆನ್ನಿನ ಪಟ್ಟಿಯ ಕೊಕ್ಕೆ ಪೂರ್ತಿ ಇಳಿಯುತ್ತಿಲ್ಲ. ಈ ಲಕ್ಷಣ ಕಂಡ ಕೂಡಲೆ ಚಾಕು ಬಳಸುವುದನ್ನು ನಿಲ್ಲಿಸಿ. ಲಾಕ್ ಬಿದ್ದ ಹಾಗೆ ಕಾಣುತ್ತದೆ, ಬಿದ್ದಿರುವುದಿಲ್ಲ. ಅಲಗನ್ನು ಅರ್ಧ ತೆರೆದು ಆ ಕಚ್ಚನ್ನು ಹಲ್ಲುಕಡ್ಡಿಯಿಂದ ಮೂಲೆಮೂಲೆ ಕೆರೆಯಿರಿ. ಎಣ್ಣೆಯಲ್ಲಿ ನೆಂದು ಒತ್ತಿ ಒತ್ತಿ ಕಲ್ಲಿನಂತಾದ ನೂಲು ಅಲ್ಲಿಂದ ಉಂಡೆಯಾಗಿ ಬರುತ್ತದೆ. ಬಕ್ 110ರಂತಹ ಚಾಕುಗಳಿಗೆ ಸ್ಕ್ರೂ ಅಲ್ಲ, ರಿವೆಟ್ ಬಡಿದಿರುತ್ತಾರೆ. ಅವನ್ನು ಬಿಚ್ಚುವ ಯೋಚನೆಯೇ ಬೇಡ.

ಮಳೆಗಾಲದಲ್ಲಿ ಮರದ ಹಿಡಿಯಿಂದ ಅಲಗು ಹೊರಬರದು, ಬಳೆ ತಿರುಗದು

ಒಪಿನೆಲ್ ಚಾಕು ಹುಟ್ಟಿದ್ದು 1890ರಲ್ಲಿ ಫ್ರಾನ್ಸಿನ ಸಾವೊಯ್ ಪ್ರಾಂತ್ಯದಲ್ಲಿ. ಅಲಗನ್ನು ತಡೆಯುವ ಬಳೆ ಬಂದದ್ದು 1955ರಲ್ಲಿ. ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಆಲ್ಪ್ಸಿನ ಹಿಮದಲ್ಲೇ ಹಾಗಾದರೆ ಜುಲೈ ತಿಂಗಳ ಆಗುಂಬೆಯಲ್ಲಿ ಹೇಳಬೇಕೆ! ಸಾವೊಯ್ ಜನ ಕಂಡುಕೊಂಡ ಉಪಾಯ ಇದು: ಬಳೆಯನ್ನು ಅಲಗು ತೆರೆಯಲು ಬಿಡುವ ಸ್ಥಾನಕ್ಕೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಅಥವಾ ಮರದ ತುಂಡಿಗೆ ತಟ್ಟಿ. ಪೆಟ್ಟಿಗೆ ಅಲಗು ಸೀಳಿನಿಂದ ಕೊಂಚ ಮೇಲೇಳುತ್ತದೆ, ಆಗ ಅದರ ಬೆನ್ನು ಹಿಡಿದು ಎಳೆಯಬಹುದು. ಸೀಳಿನ ಬದಿಯಲ್ಲಿ ಬೆರಳಿಡಬೇಡಿ.

ಹಿಡಿ ಉಬ್ಬಿದೆ ಎಂದು ಬಿಸಿಲಿಗೆ, ಒಲೆಯ ಬಳಿಗೆ ಇಟ್ಟರೆ ಮರ ಸೀಳುತ್ತದೆ. ಒಳಗೆ ಗಾಳಿಯಾಡುವ ಕಡೆ ಅಲಗು ತೆರೆದಿಟ್ಟು ಕೆಲವು ದಿನ ಕಾಯಿರಿ. ಪೂರ್ತಿ ಒಣಗಿದ ಮೇಲೆ ಸೀಳಿನೊಳಕ್ಕೂ ಹಿಡಿಗೂ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ ಆರಿಸಿದರೆ ಮುಂದಿನ ಮಳೆಗೆ ಇಷ್ಟು ಕುಡಿಯುವುದಿಲ್ಲ. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ನೀರಿನಲ್ಲಿ ನೆನೆಸಿ ಹರಡಿ ಒಣಗಿಸಿ. ಬಳೆ ಬಿಗಿಯಾದರೆ ಹೆಚ್ಚಾಗಿ ಅದರಡಿಯ ತುಕ್ಕೇ ಕಾರಣ. ಒಂದು ಹನಿ ಎಣ್ಣೆ ಬಿಟ್ಟು ರಾತ್ರಿ ಇಟ್ಟು ಬೆಳಿಗ್ಗೆ ಬಟ್ಟೆ ಸುತ್ತಿ ತಿರುಗಿಸಿ. ಪಕ್ಕಡ್ ಹಾಕಿದರೆ ಬಳೆಯ ಆಕಾರವೇ ಹೋಗುತ್ತದೆ.

ಕರಾವಳಿಯ ಉಪ್ಪು ಗಾಳಿಯಲ್ಲಿ ಸ್ಟೇನ್‌ಲೆಸ್ ಚಾಕುವಿಗೂ ಕೀಲಿನೊಳಗೆ ತುಕ್ಕು ಬರುತ್ತದೆ, ಕಾರ್ಬನ್ ಉಕ್ಕಿನ ಅಲಗಿಗಂತೂ ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೂ ಸಾಕು. ಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜಿ.

ಅಡ್ಡಕಂಬಿ ಒಂದು ಕಡೆಗೆ ಓರೆಯಾಗಿ ಚಲಿಸುತ್ತದೆ

ಎರಡೂ ಬದಿ ಸಮನಾಗಿ ಮಂದವಾಗಿದ್ದರೆ ನೂಲು, ಕೊಳೆ. ಒಂದು ಬದಿ ಸಡಿಲವಾಗಿ, ಇನ್ನೊಂದು ಬದಿಯಷ್ಟೇ ಎಳೆಯುತ್ತಿದ್ದರೆ ಒಳಗಿನ ಎರಡು ತಂತಿ ಸ್ಪ್ರಿಂಗುಗಳಲ್ಲಿ ಒಂದು ಮುರಿದಿದೆ. ಉಳಿದ ಒಂದೇ ಸ್ಪ್ರಿಂಗಿನಿಂದ ಲಾಕ್ ಬೀಳುತ್ತದಾದರೂ ಅದನ್ನು ನಂಬಿ ಕೆಲಸ ಮಾಡಬೇಡಿ. ಸ್ಪ್ರಿಂಗ್ ಬದಲಿಸಲು ಹಿಡಿ ಪೂರ್ತಿ ಬಿಚ್ಚಬೇಕು. ಹಿಂದೆ ಚಾಕು ಬಿಚ್ಚಿ ಜೋಡಿಸಿದ ಅನುಭವವಿಲ್ಲದಿದ್ದರೆ ತಯಾರಕರಿಗೇ ಬಿಡಿ.

ಏನು ಮಾಡಿದ ಮೇಲೂ ಈ ಪರೀಕ್ಷೆ

ಪ್ರತಿ ರಿಪೇರಿಯ ನಂತರ ಲಾಕ್ ಹಿಡಿಯುತ್ತದೆಯೇ ನೋಡಬೇಕು. ಅಂಚಿಗೆ ಟೇಪ್ ಇರಲಿ. ಅಲಗನ್ನು ಪೂರ್ತಿ ತೆರೆದು, ಬೆರಳುಗಳನ್ನು ದಾರಿಯಿಂದ ತೆಗೆದು, ಅಲಗಿನ ಬೆನ್ನನ್ನು ಮರದ ಹಲಗೆಗೆ ಆನಿಸಿ ಮೆಲ್ಲಗೆ ಒತ್ತುತ್ತಾ ಭಾರ ಹೆಚ್ಚಿಸಿ. ಬಡಿಯಬೇಡಿ, ಬಡಿತಕ್ಕೆ ಒಳ್ಳೆಯ ಲಾಕಿನ ಮುಖವೂ ಹಾಳಾಗುತ್ತದೆ. ಪಟ್ಟಿ ಕೂದಲೆಳೆಯಷ್ಟು ಜಾರಿದರೂ, ಪಟ್ಟಿ ಎದುರು ಗೋಡೆಗೆ ತಾಗಿದ್ದರೂ, ಅಲಗು ಮೇಲೆ ಕೆಳಗೆ ಅಲ್ಲಾಡಿದರೂ ಮನೆಯ ರಿಪೇರಿ ಅಲ್ಲಿಗೆ ನಿಲ್ಲಲಿ. ಪಟ್ಟಿಯಲ್ಲಿ ಬಿರುಕು ಕಂಡರೂ, ಸ್ಕ್ರೂ ತಲೆ ಗುಂಡಗಾದರೂ ಅಷ್ಟೇ. ಲಾಕ್ ಯಾವುದಕ್ಕೂ ಬಿಡದೆ ಚಾಕು ತೆರೆದೇ ಉಳಿದರೆ ಸುತ್ತಿಗೆ ಹಿಡಿಯಬೇಡಿ. ದಪ್ಪ ರಟ್ಟಿನ ಒರೆ ಮಾಡಿ ಟೇಪ್ ಸುತ್ತಿ ಎತ್ತಿಡಿ.

ಸಾಣೆ ಹಿಡಿಯುವವರು ಅಲಗಿಗೆ ಸರಿ, ಲಾಕಿಗೆ ಅವರ ಚಕ್ರ ತಾಗಬಾರದು. ವಾರಂಟಿ ಇದ್ದರೆ ಸ್ಕ್ರೂ ಬಿಚ್ಚುವ ಮೊದಲು ಅದರ ಕರಾರು ಓದಿ. ಬಿಚ್ಚಿದರೆ ವಾರಂಟಿ ಇಲ್ಲ ಎನ್ನುವ ಕಂಪನಿಗಳಿವೆ. ತಯಾರಕರಿಗೆ ಬರೆಯುವಾಗ ಮಾರ್ಕರ್ ಅಳಿಸಿದ ಜಾಗದ ಹತ್ತಿರದ ಫೋಟೊ, ತೆರೆದ ಚಾಕುವಿನ ಸೀಳಿನೊಳಗೆ ಪಟ್ಟಿ ಎಲ್ಲಿ ನಿಂತಿದೆ ಎಂಬ ಫೋಟೊ ಎರಡನ್ನೂ ಕಳಿಸಿ. ಚಾಕುವನ್ನು ನೀವೇ ವಿಮಾನದಲ್ಲಿ ಒಯ್ಯುವುದಾದರೆ ಅದು ಕೈಚೀಲದಲ್ಲಿರಬಾರದು, ಒರೆ ಕಟ್ಟಿ ಚೆಕ್-ಇನ್ ಸಾಮಾನಿನಲ್ಲಿ ಹಾಕಿ.